ಕ್ಯಾಮೆರಾ ಕೊಳ್ಳೋದಾ, ಬಾಡಿಗೆಗೆ ತರೋದಾ? ಸಾಲದ ಪತ್ರಕ್ಕೆ ಸಹಿ ಹಾಕೋ ಮುಂಚೆ ಈ ಲೆಕ್ಕ ನೋಡಿ

ಮಂಡ್ಯ: ಮದ್ದೂರು, ಪಾಂಡವಪುರ, ನಾಗಮಂಗಲ, ಯಾವ ಊರಿನ ಬಸ್ ಸ್ಟ್ಯಾಂಡ್ ರಸ್ತೆಗೆ ಹೋದರೂ ಇಪ್ಪತ್ತು ವರ್ಷ ದಾಟಿದ ಒಂದು ಫೋಟೋ ಸ್ಟುಡಿಯೋ ಇದ್ದೇ ಇರುತ್ತೆ. ಒಳಗೆ ಹೋಗಿ ಗಾಜಿನ ಬೀರು ಒಮ್ಮೆ ನೋಡಿ. ಮೇಲಿನ ಅರೆಯಲ್ಲಿ ಹೆಗಲ ಮೇಲೆ ಹೊರುವ ದಪ್ಪ ವಿಡಿಯೋ ಕ್ಯಾಮೆರಾ ಧೂಳು ಹಿಡಿದು ಕೂತಿರುತ್ತೆ. ಹೆಚ್ಚಿನ ಕಡೆ ಅದು ಪ್ಯಾನಾಸೋನಿಕ್ ಎಂಡಿ 10000. ಒಂದು ಕಾಲಕ್ಕೆ ಅದು ಬರದೆ ಮದುವೆ ವಿಡಿಯೋನೇ ಇಲ್ಲ ಅನ್ನೋ ಹಾಗಿತ್ತು. ಇವತ್ತು ಅದಕ್ಕೆ ಹಾಕೋ ಕ್ಯಾಸೆಟ್ ಕೂಡ ಹುಡುಕಿದ್ರೆ ಸಿಗಲ್ಲ.

ಅದರ ಕೆಳಗಿನ ಅರೆಯಲ್ಲಿ ಕ್ಯಾನನ್ 5ಡಿ ಮಾರ್ಕ್ 2. 2008ರಲ್ಲಿ ಬಂದ ಈ ಕ್ಯಾಮೆರಾ ಫೋಟೋ ತೆಗೆಯೋ ಡಬ್ಬದಲ್ಲೇ ಸಿನಿಮಾ ಥರ ವಿಡಿಯೋ ತೆಗೀಬಹುದು ಅಂತ ತೋರಿಸಿಕೊಟ್ಟಿತ್ತು. ಅದಾದ ಮೇಲೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಾಲ ಬಂತು. 2018ರ ಸೋನಿ ಎ7 3 ಅನ್ನು ಮದುವೆ ಫೋಟೋಗ್ರಾಫರ್‌ಗಳು ಮುಗಿಬಿದ್ದು ಕೊಂಡರು. ಈಗ ಅದೂ ಹಳೇದು. ಬೀರುವಿನ ಒಂದೊಂದು ಅರೆಯೂ ಒಂದೊಂದು ಸಾಲದ ಕಥೆ.

ಈಗ ಅದೇ ಪ್ರಶ್ನೆ ಹೊಸ ಹುಡುಗರ ಮುಂದೆ ಬಂದು ನಿಂತಿದೆ. ಮದುವೆ ಆರ್ಡರ್ ಹಿಡಿಯೋರು, ಯೂಟ್ಯೂಬ್‌ಗೆ ಕಿರುಚಿತ್ರ ಮಾಡೋರು, ಬಟ್ಟೆ ಅಂಗಡಿ, ಬಂಗಾರದ ಅಂಗಡಿಗೆ ಜಾಹೀರಾತು ವಿಡಿಯೋ ಮಾಡಿಕೊಡೋರು. 'ತಿಥಿ' ಸಿನಿಮಾ ಈ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಊರ ಜನರನ್ನೇ ಇಟ್ಟುಕೊಂಡು ತಯಾರಾಗಿ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಂದ ಮೇಲಂತೂ, ಕೈಲೊಂದು ಕ್ಯಾಮೆರಾ ಇದ್ರೆ ನಾವೂ ಮಾಡಬಹುದು ಅನ್ನೋ ಆಸೆ ಊರೂರಲ್ಲೂ ಇದೆ. ಆಸೆ ತಪ್ಪಲ್ಲ. ಆದ್ರೆ ಕ್ಯಾಮೆರಾ ಕೈಲಿರಬೇಕು ಅಂದ್ರೆ ಅದು ಸ್ವಂತದ್ದೇ ಆಗಿರಬೇಕಾ?

ಸಿನಿಮಾದವರು ಯಾಕೆ ಕೊಳ್ಳಲ್ಲ?

ಶ್ರೀರಂಗಪಟ್ಟಣದ ಪಕ್ಕದ ಮಹದೇವಪುರ, ಇತ್ತ ಮೇಲುಕೋಟೆ, ಎರಡೂ ಕಡೆ ಶೂಟಿಂಗ್ ಅನ್ನೋದು ಜನಕ್ಕೆ ಹೊಸದೇನಲ್ಲ. ಶೂಟಿಂಗ್ ನೋಡೋಕೆ ನಿಂತವರು ಹೀರೋನ ನೋಡ್ತಾರೆ, ಕ್ಯಾಮೆರಾ ಬಂದ ವ್ಯಾನ್ ನೋಡಲ್ಲ. ಆ ಕ್ಯಾಮೆರಾ ನಿರ್ಮಾಪಕರದ್ದಲ್ಲ, ನಿರ್ದೇಶಕರದ್ದೂ ಅಲ್ಲ. ಛಾಯಾಗ್ರಾಹಕರದ್ದೂ ಸಾಮಾನ್ಯವಾಗಿ ಅಲ್ಲ. ಬಾಡಿಗೆಗೆ ಕೊಡೋ ಕಂಪನಿಯಿಂದ ಬಂದಿರುತ್ತೆ. ಕ್ಯಾಮೆರಾ ಜೊತೆಗೆ ಅದನ್ನು ಕಾಯೋಕೆ, ಜೋಡಿಸೋಕೆ, ಲೆನ್ಸ್ ಬದಲಿಸಿಕೊಡೋಕೆ ಆ ಕಂಪನಿಯ ಹುಡುಗರೇ ಬಂದಿರ್ತಾರೆ. ಲೈಟು, ಜನರೇಟರ್, ಕ್ರೇನ್ ಎಲ್ಲಾ ಔಟ್‌ಡೋರ್ ಯೂನಿಟ್‌ನಿಂದ. ಕೋಟಿ ಕೋಟಿ ಹಾಕಿ ಸಿನಿಮಾ ಮಾಡೋರೇ ಬಾಡಿಗೆಗೆ ತರ್ತಾರೆ.

ಕಾರಣ ಸರಳ. ದೊಡ್ಡ ಸಿನಿಮಾಗಳಲ್ಲಿ ಹೆಚ್ಚಾಗಿ ಕಾಣೋ ಆರಿ ಅಲೆಕ್ಸಾ ಥರದ ಕ್ಯಾಮೆರಾ ಲೆನ್ಸು, ಮಾನಿಟರ್ ಎಲ್ಲ ಸೇರಿದ್ರೆ ಅರ್ಧ ಕೋಟಿ ದಾಟಿ ಎಲ್ಲೋ ಹೋಗುತ್ತೆ. ಒಂದು ಸಿನಿಮಾದ ಶೂಟಿಂಗ್ ನಲವತ್ತೋ ಅರವತ್ತೋ ದಿನ. ಆಮೇಲೆ ಎಡಿಟಿಂಗ್, ಡಬ್ಬಿಂಗ್, ಬಿಡುಗಡೆ ಅಂತ ವರ್ಷ ಹೋಗುತ್ತೆ. ಅಷ್ಟು ದಿನ ಅರ್ಧ ಕೋಟಿ ಪೆಟ್ಟಿಗೆಯಲ್ಲಿ ಮಲಗಿರಬೇಕು. ಬಾಡಿಗೆ ಕಂಪನಿಗೆ ಹಾಗಲ್ಲ. ಇವತ್ತು ಈ ಸಿನಿಮಾ, ನಾಳೆ ಆ ಧಾರಾವಾಹಿ, ನಾಡಿದ್ದು ಜಾಹೀರಾತು. ಅವರ ಕ್ಯಾಮೆರಾ ಸುಮ್ಮನೆ ಕೂರಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಪ್ಯಾನಾವಿಷನ್ ಕಂಪನಿ ತನ್ನ ಸಿನಿಮಾ ಕ್ಯಾಮೆರಾ ಮಾರಾಟ ಮಾಡೋದೇ ಇಲ್ಲ, ಕೊಡೋದು ಬಾಡಿಗೆಗೆ ಮಾತ್ರ. ಆರಿ ಕಂಪನಿ 2014ರಲ್ಲಿ ತಂದ ಅಲೆಕ್ಸಾ 65 ಕೂಡ ದುಡ್ಡಿದ್ದರೂ ಕೊಳ್ಳೋಕೆ ಸಿಗದ ಕ್ಯಾಮೆರಾ, ಬಾಡಿಗೆಗಷ್ಟೇ. ಅಷ್ಟೇಕೆ, ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂದಾಗ ಇಲ್ಲಿ ಸ್ಟುಡಿಯೋ ಸೌಕರ್ಯ ಇರಲಿಲ್ಲ. ತಂಡ ಕೊಲ್ಹಾಪುರಕ್ಕೆ ಹೋಗಿ ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರೀಕರಣ ಮಾಡಿತು. ಬೇರೆಯವರ ಸಾಮಾನಲ್ಲಿ ಸಿನಿಮಾ ಮಾಡೋದು ಇಲ್ಲಿ ಶುರುವಿನಿಂದಲೂ ಇದ್ದ ಪದ್ಧತಿ.

ರೈತರಿಗಂತೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಭತ್ತದ ಕೊಯ್ಲಿನ ಯಂತ್ರ ಎಷ್ಟು ಜನ ಕೊಂಡಿದ್ದಾರೆ? ಗಂಟೆ ಲೆಕ್ಕದಲ್ಲಿ ತರಿಸ್ತಾರೆ, ಗದ್ದೆ ಮುಗಿದ್ರೆ ಕಳಿಸ್ತಾರೆ. ಕೃಷಿ ಯಂತ್ರಧಾರೆ ಕೇಂದ್ರ ಇರೋದೂ ಅದಕ್ಕೇ. ಆದ್ರೆ ಕುಡುಗೋಲು, ಗುದ್ದಲಿ ಯಾರೂ ಬಾಡಿಗೆಗೆ ತರಲ್ಲ. ಕ್ಯಾಮೆರಾ ವ್ಯವಹಾರದಲ್ಲಿ ಯಾವುದು ಕೊಯ್ಲಿನ ಯಂತ್ರ, ಯಾವುದು ಕುಡುಗೋಲು ಅಂತ ಗೊತ್ತುಮಾಡಿಕೊಳ್ಳೋದೇ ಇಲ್ಲಿರೋ ಕೆಲಸ.

ಎಷ್ಟು ದಿನ ದುಡಿಯುತ್ತೆ ಅನ್ನೋದು ಮುಖ್ಯ

ಕ್ಯಾಮೆರಾ ಅಂಗಡಿಯಲ್ಲಿ ಎಲ್ಲರೂ ಕೇಳೋದು ರೇಟು. ಕೇಳಬೇಕಾದ್ದು ತಮ್ಮನ್ನೇ: ವರ್ಷಕ್ಕೆ ಎಷ್ಟು ದಿನ ಇದು ನನಗೆ ದುಡಿದು ಕೊಡುತ್ತೆ?

ಒಂದು ಲೆಕ್ಕ ಹಾಕೋಣ. ಇಲ್ಲಿರೋ ಅಂಕಿಗಳು ಲೆಕ್ಕಕ್ಕೆ ಅಂತ ಇಟ್ಟುಕೊಂಡವು, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ. ಒಬ್ಬ ಹುಡುಗ ಬಾಡಿ ಮತ್ತು ಒಂದು ಲೆನ್ಸ್ ಸೇರಿ 3 ಲಕ್ಷದ ಕಿಟ್ ಕೊಳ್ತಾನೆ ಅಂತಿಟ್ಟುಕೊಳ್ಳಿ. ಪೂರ್ತಿ ಸಾಲ, ವರ್ಷಕ್ಕೆ ಶೇ 12 ಬಡ್ಡಿ, 36 ಕಂತು. ತಿಂಗಳ ಇಎಂಐ 9,964 ರೂಪಾಯಿ. ಮೂರು ವರ್ಷಕ್ಕೆ ಕಟ್ಟೋದು 3,58,704. ವಿಮೆ, ಸರ್ವಿಸ್ ಅಂತ ವರ್ಷಕ್ಕೆ ಹತ್ತು ಸಾವಿರ ಹಿಡಿದ್ರೆ ಇನ್ನೊಂದು 30,000. ಮೂರು ವರ್ಷ ಆದ ಮೇಲೆ ಸೆಕೆಂಡ್ ಹ್ಯಾಂಡ್ ಮಾರಿದ್ರೆ 1,20,000 ಬಂತು ಅನ್ನಿ. ಅದನ್ನು ಕಳೆದರೆ ನಿಜವಾದ ಖರ್ಚು 2,68,704. ವರ್ಷಕ್ಕೆ ಸುಮಾರು 90,000.

ಈಗ ಬಾಡಿಗೆ. ಅದೇ ಕಿಟ್ ದಿನಕ್ಕೆ 2,500, ಮೈಸೂರಿಗೆ ಹೋಗಿ ತಂದು ವಾಪಸ್ ಕೊಡೋ ಪೆಟ್ರೋಲ್ 500, ಒಟ್ಟು 3,000 ಅಂತಿಟ್ಟುಕೊಳ್ಳಿ. 90,000ವನ್ನು ಅದರಿಂದ ಭಾಗಿಸಿದ್ರೆ 30 ದಿನ.

ಅಂದ್ರೆ ವರ್ಷಕ್ಕೆ 30 ದಿನಕ್ಕಿಂತ ಕಡಿಮೆ ಕೆಲಸ ಇದ್ದರೆ ಬಾಡಿಗೆ ಲಾಭ. 15 ದಿನ ಇದ್ರೆ ಬಾಡಿಗೆಗೆ ಹೋಗೋದು 45,000, ಸ್ವಂತದ್ದಾದ್ರೆ ಅದೇ 90,000. ಆದ್ರೆ 60 ದಿನ ಕೆಲಸ ಇದ್ದೋನು ಬಾಡಿಗೆಗೆ ತರ್ತಾ ಕೂತರೆ 1,80,000 ಕಳೀತಾನೆ. ಅವನು ಕೊಳ್ಳಲೇಬೇಕು. ಇನ್ನು ಮಧ್ಯದಲ್ಲಿ ಹೊಸ ಮಾಡೆಲ್ ಬಂದು ಹಳೇ ಕ್ಯಾಮೆರಾಕ್ಕೆ 1,20,000 ಬದಲು 80,000 ಮಾತ್ರ ಸಿಕ್ಕಿತು ಅಂದ್ರೆ ಈ 30 ದಿನ 34ಕ್ಕೆ ಏರುತ್ತೆ.

ದಿನ ಎಣಿಸುವಾಗ ಮೋಸ ಮಾಡಿಕೊಳ್ಳೋದು ಸುಲಭ. ಬಾಯಲ್ಲಿ ಆಗಿರೋ ಆರ್ಡರ್, ಗೆಳೆಯನ ತಂಗಿ ಮದುವೆಗೆ ಪುಕ್ಕಟೆ ಮಾಡಿಕೊಟ್ಟದ್ದು, ದುಡ್ಡು ಇನ್ನೂ ಬಾರದ ಕೆಲಸ ಇವ್ಯಾವೂ ಲೆಕ್ಕಕ್ಕೆ ಬರಲ್ಲ. ಕಳೆದ ವರ್ಷ ದುಡ್ಡು ಕೈಗೆ ಬಂದ ದಿನ ಎಷ್ಟು ಅಂತ ಡೈರಿ ತೆಗೆದು ನೋಡಬೇಕು. ಡೈರಿ ಇಲ್ಲದವರು ಫೋನ್‌ಪೇ, ಗೂಗಲ್ ಪೇ ಹಿಸ್ಟರಿ ನೋಡಿದ್ರೂ ಸಾಕು.

ಆಷಾಢದಲ್ಲೂ ಕಂತು ಬರುತ್ತೆ

ಸಿಟಿಯವರು ಬರೆದ ಲೆಕ್ಕಗಳಲ್ಲಿ ಕಾಣದ ಒಂದು ಮಾತು ಇಲ್ಲಿದೆ. ತಾಲ್ಲೂಕಿನಲ್ಲಿ ಕ್ಯಾಮೆರಾ ಕೆಲಸ ವರ್ಷಪೂರ್ತಿ ಸಮನಾಗಿ ಹಂಚಿ ಬರಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಆದ್ರೆ ಬ್ಯಾಂಕಿಗೆ ಆಷಾಢ ಗೊತ್ತಿಲ್ಲ. ಕಂತಿನ ದಿನ ಬಂತಂದ್ರೆ 9,964 ಹೋಗಬೇಕು, ಖಾತೆಯಲ್ಲಿ ಇಲ್ಲ ಅಂದ್ರೆ ದಂಡ, ಜೊತೆಗೆ ಸಿಬಿಲ್ ಸ್ಕೋರ್‌ಗೆ ಏಟು. ಬಾಡಿಗೆಯವನಿಗೆ ಕೆಲಸ ಇಲ್ಲದ ತಿಂಗಳು ಖರ್ಚೂ ಇಲ್ಲ.

ಆದ್ರೆ ಇದೇ ಪಂಚಾಂಗ ಬಾಡಿಗೆಯವನಿಗೂ ಒಂದು ಕಡೆ ಹೊಡೆತ ಕೊಡುತ್ತೆ. ಒಳ್ಳೇ ಮುಹೂರ್ತ ಇದ್ದ ದಿನ ಒಂದೊಂದು ಊರಲ್ಲಿ ಎಷ್ಟು ಛತ್ರ ಇದೆಯೋ ಅಷ್ಟೂ ಭರ್ತಿ. ಅವತ್ತು ಮೈಸೂರಿನಲ್ಲೂ ಕ್ಯಾಮೆರಾ ಸಿಗಲ್ಲ, ಬೆಂಗಳೂರಿನಲ್ಲೂ ಸಿಗಲ್ಲ. ಫೋನ್ ಮೇಲೆ ಫೋನ್ ಮಾಡಿ ಕೊನೆಗೆ ಸಿಕ್ಕಿದ್ದು ಗೀಚು ಬಿದ್ದ ಲೆನ್ಸ್. ಹುಡುಗಿ ಕಡೆಯವರಿಗೆ ಇದೆಲ್ಲ ಹೇಳೋಕಾಗುತ್ತಾ? ತಾಳಿ ಕಟ್ಟೋದನ್ನ ಇನ್ನೊಂದು ಸಲ ಕಟ್ಟಿ ಅನ್ನೋಕಾಗಲ್ಲ. ಸಿನಿಮಾದಲ್ಲಾದ್ರೆ ಕ್ಯಾಮೆರಾ ಬರದಿದ್ರೆ ಶೂಟಿಂಗ್ ಮುಂದಕ್ಕೆ ಹಾಕಬಹುದು, ಮದುವೆ ಹಾಕೋಕಾಗಲ್ಲ. ಹಾಗಾಗಿ ಮದುವೆಯೇ ಮುಖ್ಯ ಕಸುಬಾದವರು, 30 ದಿನದ ಲೆಕ್ಕ ಸ್ವಲ್ಪ ಆಚೀಚೆ ಆದರೂ ಒಂದು ಕ್ಯಾಮೆರಾ ಸ್ವಂತ ಇಟ್ಟುಕೊಳ್ಳೋದೇ ವಾಸಿ. ಎರಡನೇದು, ಮೂರನೇದು ಬಾಡಿಗೆಗೆ ಬರಲಿ. ಇಲ್ಲವೇ ಸ್ವಂತ ಕ್ಯಾಮೆರಾ ಇರೋ ಹುಡುಗನನ್ನೇ ದಿನಗೂಲಿಗೆ ಕರೀಬಹುದು. ಕ್ಯಾಮೆರಾನೂ ಬರುತ್ತೆ, ಕೈಯೂ ಬರುತ್ತೆ. ಬಹಳ ಸ್ಟುಡಿಯೋಗಳು ಮಾಡ್ತಿರೋದೂ ಇದನ್ನೇ.

ಮೂರ್ನಾಲ್ಕು ಜನ ಸೇರಿ ಪಾಲಲ್ಲಿ ಕೊಳ್ಳೋದೂ ಇದೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಎಲ್ಲರಿಗೂ ಬೇಕಾಗೋದು ಅದೇ ಮುಹೂರ್ತದ ದಿನ. ಜಗಳ ಅಲ್ಲೇ ಶುರು.

ಬಾಡಿ ಹಳೇದಾಗುತ್ತೆ, ಲೆನ್ಸ್ ಅಷ್ಟು ಬೇಗ ಆಗಲ್ಲ

ಕ್ಯಾಮೆರಾ ಅಂದ್ರೆ ಎಲ್ಲರ ಕಣ್ಣಿಗೂ ಬೀಳೋದು ಬಾಡಿ. ಬೇಗ ಬೆಲೆ ಕಳೆದುಕೊಳ್ಳೋದೂ ಅದೇ. ಒಳಗಿರೋದು ಕಂಪ್ಯೂಟರ್ ಥರದ ಸಾಮಾನು. ಮೂರು ನಾಲ್ಕು ವರ್ಷಕ್ಕೆ ಇನ್ನೊಂದು ಬರುತ್ತೆ, ಹಳೇದರ ರೇಟು ಬೀಳುತ್ತೆ. ಒಳ್ಳೇ ಲೆನ್ಸ್ ಹಾಗಲ್ಲ. ಜೋಪಾನವಾಗಿ ಇಟ್ಟರೆ ಹತ್ತು ವರ್ಷ ಕಳೆದರೂ ಕೆಲಸ ಮಾಡುತ್ತೆ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಲೆನ್ಸ್ ಕೂರಿಸೋ ಅಳತೆಯನ್ನೇ ಬದಲಿಸಿದವು. ಆದ್ರೂ ಹಳೇ ಲೆನ್ಸ್‌ಗಳು ಅಡಾಪ್ಟರ್ ಹಾಕಿದ್ರೆ ಹೊಸ ಬಾಡಿ ಮೇಲೆ ನಡೀತಿವೆ. ಲೆನ್ಸಿಗೆ ಇರೋ ದೊಡ್ಡ ಶತ್ರು ಬೂಷ್ಟು. ಮಳೆಗಾಲದಲ್ಲಿ ಚೀಲದೊಳಗೇ ತಿಂಗಳುಗಟ್ಟಲೆ ಬಿಟ್ಟರೆ ಗಾಜಿನ ಒಳಗೆ ಬಿಳಿ ಬಲೆ ಕಟ್ಟುತ್ತೆ. ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡೋದು ನೂರಿನ್ನೂರು ರೂಪಾಯಿ ಕೆಲಸ.

ಟ್ರೈಪಾಡ್, ಎಲ್‌ಇಡಿ ಲೈಟು, ಅದರ ಸ್ಟ್ಯಾಂಡು, ಕಾಲರ್ ಮೈಕು, ಬ್ಯಾಟರಿ ಇವು ಕುಡುಗೋಲಿನ ಜಾತಿ. ಪ್ರತಿ ಕೆಲಸಕ್ಕೂ ಬೇಕು, ಬೇಗ ಹಳೇದಾಗಲ್ಲ, ಬಾಡಿಗೆಗೆ ತರ್ತಾ ಹೋದ್ರೆ ಒಂದೇ ವರ್ಷದಲ್ಲಿ ಕೊಳ್ಳೋ ದುಡ್ಡೇ ಹೋಗಿರುತ್ತೆ. ಮೆಮೊರಿ ಕಾರ್ಡ್ ಅಂತೂ ಯಾವತ್ತೂ ಬಾಡಿಗೆಗೆ ತರಬಾರದು. ಯಾರ ಕೈಯಲ್ಲಿ ಎಷ್ಟು ಸಲ ಉಜ್ಜಿದ್ದೋ ಗೊತ್ತಿರಲ್ಲ. ಮದುವೆ ಪೂರ್ತಿ ತೆಗೆದು ಕಾರ್ಡ್ ಓಪನ್ ಆಗ್ತಿಲ್ಲ ಅಂದ್ರೆ ಊರು ಬಿಡಬೇಕಾಗುತ್ತೆ.

ಬಾಡಿಗೆಗೆ ತರಬೇಕಾದ್ದು ಆಗೊಮ್ಮೆ ಈಗೊಮ್ಮೆ ಬೇಕಾಗೋ ದೊಡ್ಡ ಸಾಮಾನು: ಉದ್ದದ ಟೆಲಿ ಲೆನ್ಸು, ಸಿನಿಮಾ ಲೆನ್ಸುಗಳ ಸೆಟ್ಟು, ದೊಡ್ಡ ಗಿಂಬಲ್, ಜಿಬ್, ಸಿನಿಮಾ ಕ್ಯಾಮೆರಾ. ಡ್ರೋನ್ ಕೂಡ ಇದೇ ಸಾಲಿಗೆ ಬರುತ್ತೆ, ಅದೂ ಹಾರಿಸೋ ಮನುಷ್ಯನ ಸಮೇತ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ದುಡ್ಡಿಗೆ ಹಾರಿಸೋದಾದ್ರೆ ಪೈಲಟ್ ಪ್ರಮಾಣಪತ್ರವೂ ಬೇಕು. 2022ರ ಫೆಬ್ರವರಿಯಿಂದ ವಿದೇಶದಿಂದ ಸಿದ್ಧ ಡ್ರೋನ್ ಆಮದು ಮಾಡಿಕೊಳ್ಳೋಕೆ ನಿಷೇಧವೂ ಇದೆ. ಕಾಗದ ಇಲ್ಲದ ಡ್ರೋನ್ ಕೊಂಡು ಅಣೆಕಟ್ಟೆ ಕಡೆ ಹಾರಿಸಿ ಸಿಕ್ಕಿಬೀಳೋ ಬದಲು, ಕಾಗದ ಸರಿ ಇರೋನನ್ನು ಕರೆಸೋದು ಒಳ್ಳೇದು.

ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳೋರು ಒಂದು ಲೆಕ್ಕ ತಿಳ್ಕೊಂಡಿರಬೇಕು. ಫೋಟೋ ಕ್ಯಾಮೆರಾದ ಶಟರ್‌ಗೆ ಆಯಸ್ಸು ಇದೆ. ಸೋನಿ ಎ7 3ಕ್ಕೆ ಕಂಪನಿ ಹೇಳೋದು ಸುಮಾರು 2 ಲಕ್ಷ ಕ್ಲಿಕ್, ಕ್ಯಾನನ್ 5ಡಿ ಮಾರ್ಕ್ 4ಕ್ಕೆ 1.5 ಲಕ್ಷ. ಒಂದು ಮದುವೆಗೆ 4,000 ಕ್ಲಿಕ್ ಅಂತ ಹಿಡಿದ್ರೆ 2 ಲಕ್ಷ ಅನ್ನೋದು 50 ಮದುವೆ ಅಷ್ಟೇ. ಅದಾದ ಮೇಲೂ ಓಡಬಹುದು, ಓಡದೇನೂ ಇರಬಹುದು. "ಒಂದೇ ವರ್ಷ ಯೂಸ್ ಮಾಡಿದ್ದು ಅಣ್ಣ" ಅನ್ನೋ ಮಾತಿಗಿಂತ ಶಟರ್ ಕೌಂಟ್ ಕೇಳಿ ನೋಡೋದು ಮೇಲು. ಜೊತೆಗೆ ಬಿಲ್ ಇದೆಯಾ, ಬಾಡಿ ಮೇಲಿನ ಸೀರಿಯಲ್ ನಂಬರ್ ಬಿಲ್‌ನಲ್ಲಿರೋದಕ್ಕೆ ತಾಳೆ ಆಗುತ್ತಾ ನೋಡಬೇಕು. ಬಿಲ್ ಇಲ್ಲದ ಅಗ್ಗದ ಕ್ಯಾಮೆರಾ ಬಾಡಿಗೆ ಅಂಗಡಿಯಿಂದ ಹೋಗಿ ವಾಪಸ್ ಬಾರದ್ದೂ ಆಗಿರಬಹುದು.

ಸಾಲ ಎಲ್ಲಿಂದ?

ಕೊಳ್ಳೋದೇ ಸರಿ ಅಂತ ಆದ ಮೇಲೂ ದುಡ್ಡು ಎಲ್ಲಿಂದ ಬಂತು ಅನ್ನೋದು ಇಡೀ ಲೆಕ್ಕ ತಲೆಕೆಳಗು ಮಾಡಬಲ್ಲದು. ಮೇಲಿನ 30 ದಿನದ ಲೆಕ್ಕ ಶೇ 12ರ ಬ್ಯಾಂಕ್ ಸಾಲದ್ದು. ಕೈಸಾಲದ ಕಥೆ ಬೇರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದ್ರೆ ಕೇಳೋಕೆ ಸಣ್ಣದು. ವರ್ಷಕ್ಕೆ ಅದು ಶೇ 36. 3 ಲಕ್ಷಕ್ಕೆ ತಿಂಗಳ ಬಡ್ಡಿಯೇ 9,000. ಬ್ಯಾಂಕಿನ 9,964ರಲ್ಲಿ ಮೂರು ವರ್ಷಕ್ಕೆ ಅಸಲೂ ತೀರಿ ಹೋಗುತ್ತೆ. ಇಲ್ಲಿ 9,000 ಕಟ್ತಾ ಕಟ್ತಾ ಮೂರು ವರ್ಷ ಆದ್ರೂ ಅಸಲು 3 ಲಕ್ಷ ಹಾಗೇ ನಿಂತಿರುತ್ತೆ, ಕ್ಯಾಮೆರಾ ಮಾತ್ರ ಹಳೇದಾಗಿರುತ್ತೆ.

ಅಮ್ಮನ ಸರ ಅಡ ಇಡೋ ಮುಂಚೆ ಮುದ್ರಾ ಸಾಲ ಒಮ್ಮೆ ಕೇಳಿ ನೋಡಬೇಕು. ಇದರಲ್ಲಿ 50,000ವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್ ಅಂತ ವಿಭಾಗ ಇವೆ. ಅಡಮಾನ ಇಲ್ಲದ ಸಾಲ ಇದು. ಉದ್ಯಮ ನೋಂದಣಿ, ಕ್ಯಾಮೆರಾ ಅಂಗಡಿಯ ಕೊಟೇಶನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಹೋದರೆ ಮಾತು ಮುಂದಕ್ಕೆ ಹೋಗುತ್ತೆ. ಸ್ಟೇಟ್‌ಮೆಂಟ್‌ನಲ್ಲಿ ಏನೂ ಕಾಣದಿದ್ರೆ, ಅಂದ್ರೆ ಎಲ್ಲಾ ವ್ಯವಹಾರ ಕೈಯಿಂದ ಕೈಗೇ ನಡೆದಿದ್ರೆ, ಮ್ಯಾನೇಜರ್ ಮುಂದೆ ತೋರಿಸೋಕೆ ಏನೂ ಇರಲ್ಲ. ಒಂದು ವರ್ಷ ಬಾಡಿಗೆ ಕ್ಯಾಮೆರಾದಲ್ಲಿ ಕೆಲಸ ಮಾಡಿ ದುಡ್ಡನ್ನು ಖಾತೆಗೆ ಹಾಕಿಸಿಕೊಂಡರೆ, ಮುಂದಿನ ವರ್ಷದ ಸಾಲಕ್ಕೆ ಅದೇ ದಾಖಲೆ ಆಗುತ್ತೆ.

ಜಿಎಸ್‌ಟಿ ಬಗ್ಗೆ ಎರಡು ಮಾತು. ಕ್ಯಾಮೆರಾಕ್ಕೆ ಶೇ 18. 3 ಲಕ್ಷದ ಬಿಲ್‌ನಲ್ಲಿ ಸುಮಾರು 45,760 ತೆರಿಗೆಯೇ. ಜಿಎಸ್‌ಟಿ ನೋಂದಣಿ ಇದ್ದವರು ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಡ್ಕೋಬಹುದು. ಕಾಂಪೋಸಿಷನ್‌ನಲ್ಲಿ ಇದ್ದವರಿಗೆ, ನೋಂದಣಿಯೇ ಇಲ್ಲದವರಿಗೆ ಅದು ಸಿಗಲ್ಲ. ಆದಾಯ ತೆರಿಗೆಯಲ್ಲಿ ಕ್ಯಾಮೆರಾಕ್ಕೆ ವರ್ಷಕ್ಕೆ ಶೇ 15 ಸವಕಳಿ ತೋರಿಸಬಹುದು, ಆದ್ರೆ ಪುಸ್ತಕ ಬರೆಯದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟೋರಿಗೆ ಅದು ಬೇರೆಯಾಗಿ ಸಿಗಲ್ಲ. ಇದನ್ನು ನಿಮ್ಮ ಆಡಿಟರ್ ಹತ್ರ ಕೊಳ್ಳೋ ಮುಂಚೆಯೇ ಕೇಳಿ, ಬಿಲ್ ಆದ ಮೇಲಲ್ಲ.

ಕಿರುಚಿತ್ರ ಮಾಡೋ ಹುಡುಗರ ಲೆಕ್ಕ

ಸಿನಿಮಾ ಆಸೆ ಇರೋರು ಹೆಚ್ಚು ಎಡವೋದು ಇಲ್ಲಿ. ಐದಾರು ಗೆಳೆಯರು ಸೇರಿ 5 ಲಕ್ಷ ಹೊಂದಿಸ್ತಾರೆ. ಕ್ಯಾಮೆರಾ ಕೊಂಡುಬಿಟ್ರೆ ಮುಂದಿನ ಸಿನಿಮಾಕ್ಕೂ ಆಗುತ್ತೆ ಅಂತ ಒಬ್ಬ ಹೇಳ್ತಾನೆ. 4 ಲಕ್ಷ ಕ್ಯಾಮೆರಾಕ್ಕೇ ಹೋಗುತ್ತೆ. ಉಳಿದ ಒಂದು ಲಕ್ಷದಲ್ಲಿ ಲೈಟು, ಸೌಂಡು, ಊಟ, ವಾಹನ, ಎಡಿಟಿಂಗ್ ಎಲ್ಲಾ ಆಗಬೇಕು. ಆಗಲ್ಲ. ಚಿತ್ರ ಅರ್ಧಕ್ಕೆ ನಿಲ್ಲುತ್ತೆ, ಕ್ಯಾಮೆರಾ ಯಾರ ಮನೇಲಿ ಇರಬೇಕು ಅಂತ ಮಾತು ಬೆಳೆಯುತ್ತೆ.

ಅದೇ 12 ದಿನದ ಶೂಟಿಂಗಿಗೆ ಕ್ಯಾಮೆರಾ, ಎರಡು ಲೆನ್ಸು, ಮಾನಿಟರ್ ಸೇರಿ ದಿನಕ್ಕೆ 6,000ದ ಪ್ಯಾಕೇಜ್ ಸಿಕ್ಕಿತು ಅನ್ನಿ. 72,000 ಆಯ್ತು. 4,28,000 ಉಳಿಯಿತು. ಅದರಲ್ಲಿ ಒಳ್ಳೇ ಸೌಂಡ್ ರೆಕಾರ್ಡಿಸ್ಟ್ ಬರ್ತಾನೆ, ಲೈಟ್ ಬರುತ್ತೆ, ಕಲಾವಿದರಿಗೆ ಒಂದಿಷ್ಟು ಕೊಡಬಹುದು. ನೋಡೋ ಜನ ಚಿತ್ರ ಸ್ವಲ್ಪ ಮಂಕಾಗಿದ್ರೆ ಸಹಿಸ್ತಾರೆ, ಮಾತು ಕೇಳಿಸದಿದ್ರೆ ಎದ್ದು ಹೋಗ್ತಾರೆ.

"ಹಾಲಿವುಡ್ ಸಿನಿಮಾನೇ ಸೋನಿ ಎಫ್‌ಎಕ್ಸ್ 3ರಲ್ಲಿ ತೆಗೆದ್ರಂತೆ" ಅನ್ನೋ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನಿಜವೇ. 2023ರಲ್ಲಿ ಬಂದ 'ದಿ ಕ್ರಿಯೇಟರ್' ಚಿತ್ರವನ್ನು ಮದುವೆಗೆ ಬಳಸೋ ಗಾತ್ರದ ಆ ಕ್ಯಾಮೆರಾದಲ್ಲೇ ತೆಗೆದಿದ್ದಾರೆ. ಆದ್ರೆ ಆ ಚಿತ್ರದ ಬಜೆಟ್ 8 ಕೋಟಿ ಡಾಲರ್. ಕ್ಯಾಮೆರಾದಲ್ಲಿ ಉಳಿಸಿದ್ದನ್ನು ಅವರು ಊರೂರು ತಿರುಗೋದಕ್ಕೆ, ಗ್ರಾಫಿಕ್ಸಿಗೆ ಹಾಕಿದ್ರು. ಕ್ಯಾಮೆರಾ ಸಣ್ಣದಾದ್ರೂ ಪರವಾಗಿಲ್ಲ ಅನ್ನೋದನ್ನ ಆ ಚಿತ್ರ ತೋರಿಸುತ್ತೆ. ಅದೇ ಕ್ಯಾಮೆರಾ ಕೊಂಡರೆ ಅಂಥ ಚಿತ್ರ ಬರುತ್ತೆ ಅಂತಲ್ಲ.

ಹೊರಗಿಂದ ಯೂನಿಟ್ ತರಿಸೋರು ಪ್ಯಾಕೇಜ್ ದರದ ಆಚೆಗಿನ ಖರ್ಚು ಕೇಳಿ ಬರೆಸಿಕೊಳ್ಳಬೇಕು. ಜೊತೆ ಬರೋ ಹುಡುಗರ ಬಾಟಾ, ಊಟ, ರೂಮು ಯಾರದ್ದು? ಬೆಂಗಳೂರಿನಿಂದ ಬರೋ ದಿನ, ಹೋಗೋ ದಿನಕ್ಕೆ ಬಾಡಿಗೆ ಇದೆಯಾ? ಕಾಲ್‌ಶೀಟ್ ದಾಟಿದ್ರೆ ಎಕ್ಸ್‌ಟ್ರಾ ಎಷ್ಟು? ಮಳೆ ಬಂದು ಶೂಟಿಂಗ್ ನಿಂತರೆ? ಕೇಳದೆ ಬಿಟ್ಟರೆ 6,000ದ ಪ್ಯಾಕೇಜ್ ಕೊನೆಗೆ 9,000 ಆಗಿ ಕೂರುತ್ತೆ. ಒಟ್ಟು ಹತ್ತು ಹನ್ನೆರಡು ದಿನಕ್ಕೆ ಅಂತ ಒಂದೇ ಸಲ ಮಾತಾಡಿದ್ರೆ ದಿನದ ದರ ಇಳಿಸ್ತಾರೆ, ಅದನ್ನೂ ಕೇಳಬೇಕು. ನಾವಾಗಿ ಕೇಳದೆ ಯಾರೂ ಇಳಿಸಲ್ಲ.

ಜಾಹೀರಾತು ಮಾಡಿಸೋ ಅಂಗಡಿಯವರಿಗೂ ಇದು ಉಪಯೋಗದ ಮಾತು. ಕೊಟೇಶನ್‌ನಲ್ಲಿ 'ಕ್ಯಾಮೆರಾ ಬಾಡಿಗೆ' ಅಂತ ಬೇರೆ ಸಾಲು ಇದ್ದರೆ ಅದು ಮೋಸ ಅಂದುಕೊಳ್ಳಬೇಕಿಲ್ಲ. ಎಷ್ಟು ದಿನದ್ದು, ಯಾವ ಕ್ಯಾಮೆರಾ ಅಂತ ಕೇಳಿ. ಒಂದು ನಿಮಿಷದ ರೀಲ್ಸ್ ಮೊಬೈಲಲ್ಲಿ ಮಾತ್ರ ನೋಡೋದಾದ್ರೆ ಸಿನಿಮಾ ಕ್ಯಾಮೆರಾ ಬಾಡಿಗೆ ಕಟ್ಟೋದು ದಂಡ.

ಬಿದ್ದು ಒಡೆದ್ರೆ ಯಾರದ್ದು?

ಬಾಡಿಗೆಯಲ್ಲಿ ನಿಜವಾದ ಅಪಾಯ ಇರೋದು ಇಲ್ಲೇ. ದಿನಕ್ಕೆ 2,500 ಕೊಟ್ಟು ತಂದ ಸಾಮಾನಿಗೆ 3 ಲಕ್ಷದ ಹೊಣೆ ತಲೆ ಮೇಲೆ. ಛತ್ರದಲ್ಲಿ ಮಗು ಓಡಿ ಬಂದು ಟ್ರೈಪಾಡ್ ತಳ್ಳಿದ್ರೆ ಮುಗೀತು. ರಿಪೇರಿ ಖರ್ಚು ಮಾತ್ರ ಅಲ್ಲ, ರಿಪೇರಿಗೆ ಹೋದ ಅಷ್ಟೂ ದಿನದ ಬಾಡಿಗೆಯನ್ನೂ ಕೆಲವರು ಕೇಳ್ತಾರೆ. ಅದು ಮೊದಲೇ ಬರೆದ ಕರಾರಿನಲ್ಲಿ ಇದೆಯಾ ನೋಡಬೇಕು.

ಸ್ಟುಡಿಯೋಗೆ ಮಾಡಿಸಿರೋ ಬೆಂಕಿ, ಕಳ್ಳತನದ ವಿಮೆ ಸಾಮಾನ್ಯವಾಗಿ ಅಂಗಡಿ ಒಳಗಿರೋ ಸಾಮಾನಿಗೆ. ಛತ್ರದಲ್ಲಿ ಕಳುವಾದ ಕ್ಯಾಮೆರಾಕ್ಕೆ ಅದು ಬರಲ್ಲ. ಹೊರಗೆ ಹೊತ್ತೊಯ್ಯೋ ಸಾಮಾನಿಗೆ ಬೇರೆಯೇ ಪಾಲಿಸಿ ಇರುತ್ತೆ, ಸೀರಿಯಲ್ ನಂಬರ್ ಸಮೇತ ಬರೆಸಬೇಕು. ಕಾರಿನಲ್ಲಿ ರಾತ್ರಿ ಬಿಟ್ಟಾಗ ಕಳುವಾದ್ರೆ ಕೊಡ್ತಾರಾ, ಬಾಡಿಗೆಗೆ ತಂದ ಬೇರೆಯವರ ಸಾಮಾನಿಗೆ ಅನ್ವಯ ಆಗುತ್ತಾ, ಎರಡನ್ನೂ ಏಜೆಂಟ್ ಬಾಯಲ್ಲಿ ಕೇಳಿದ್ರೆ ಸಾಲದು, ಪಾಲಿಸಿ ಕಾಗದದಲ್ಲಿ ತೋರಿಸು ಅನ್ನಬೇಕು.

ಬಾಡಿಗೆಗೆ ತರುವಾಗ ಅಂಗಡಿಯಲ್ಲೇ ನಿಂತು ಮೊಬೈಲಲ್ಲಿ ಒಂದು ವಿಡಿಯೋ ಮಾಡಿಕೊಳ್ಳೋದು ಎರಡು ನಿಮಿಷದ ಕೆಲಸ. ಸೀರಿಯಲ್ ನಂಬರ್, ಲೆನ್ಸಿನ ಮುಂದಿನ ಹಿಂದಿನ ಗಾಜು, ಮೊದಲೇ ಇದ್ದ ಗೀಚು, ಬ್ಯಾಟರಿ ಎಷ್ಟು, ಚಾರ್ಜರ್ ಇದೆಯಾ. ಬಿಳಿ ಗೋಡೆಗೆ ಹಿಡಿದು ಒಂದು ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳೂ ಕಾಣುತ್ತೆ. ವಾಪಸ್ ಕೊಡುವಾಗಲೂ ಹಾಗೇ ಇನ್ನೊಂದು ವಿಡಿಯೋ.

ಇನ್ನು ಗ್ಯಾರಂಟಿಗೆ ಅಂತ ಸಹಿ ಹಾಕಿದ ಖಾಲಿ ಚೆಕ್ ಕೇಳೋ ರೂಢಿ. ಖಾಲಿ ತಾನೇ ಅಂತ ಕೊಡೋ ಹುಡುಗರಿದ್ದಾರೆ. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿನ ಮೇಲೂ ಚೆಕ್ ಬೌನ್ಸ್ ಕೇಸ್ ನಿಲ್ಲುತ್ತೆ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಕೊಡಲೇಬೇಕಾದ್ರೆ ಮೊತ್ತ ಬರೆದು, ಯಾವ ಸಾಮಾನಿಗೆ ಭದ್ರತೆ ಅಂತ ಕಾಗದದ ಮೇಲೆ ಸಹಿ ಪಡೆದು ಕೊಡಿ. ಆಧಾರ್ ಮೂಲ ಕಾರ್ಡ್ ಬಿಟ್ಟು ಬರೋ ಬದಲು ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್ ಪ್ರತಿ ಕೊಡಬಹುದು.

ಅತ್ತ ಸ್ವಂತ ಕ್ಯಾಮೆರಾ ಇದ್ದು ಖಾಲಿ ದಿನಗಳಲ್ಲಿ ಬೇರೆಯವರಿಗೆ ಕೊಟ್ಟು ಕಂತಿನ ದುಡ್ಡು ಹುಟ್ಟಿಸೋರೂ ಇದ್ದಾರೆ. ಲೆಕ್ಕಕ್ಕೆ ಒಳ್ಳೇದೇ. ಆದ್ರೆ ಗುರುತಿಲ್ಲದವರು ಆನ್‌ಲೈನ್‌ನಲ್ಲಿ ನೋಡಿ ಬಂದು ಅಡ್ವಾನ್ಸ್ ಕೈಗಿಟ್ಟು ಕ್ಯಾಮೆರಾ ಒಯ್ದವರು ಮತ್ತೆ ಫೋನ್ ಎತ್ತದಿದ್ರೆ, ಠಾಣೆಯಲ್ಲಿ ಮೊದಲು ಕೇಳೋದು ಬಿಲ್ಲು, ಸೀರಿಯಲ್ ನಂಬರು, ಕರಾರು ಪತ್ರ. ಮೂರೂ ಇಲ್ಲದಿದ್ರೆ ದೂರು ಬರೆಯೋದೇ ಕಷ್ಟ.

ಕೊಳ್ಳಬೇಕು ಅಂತ ಮನಸ್ಸು ಗಟ್ಟಿ ಮಾಡಿರೋರಿಗೆ ಆಷಾಢ ಒಂದು ಅವಕಾಶವೂ ಹೌದು. ಆಗ ಬಾಡಿಗೆ ಅಂಗಡಿಗಳಲ್ಲಿ ಸಾಮಾನು ಖಾಲಿ ಕೂತಿರುತ್ತೆ, ದರದಲ್ಲೂ ಚೌಕಾಸಿ ನಡೆಯುತ್ತೆ. ಕೊಳ್ಳಬೇಕು ಅಂದುಕೊಂಡಿರೋ ಅದೇ ಮಾಡೆಲ್ ಎರಡು ದಿನ ತಂದು, ಹೊಗೆ ತುಂಬಿದ ಹೋಮದ ಮುಂದೆ, ಮಬ್ಬು ಬೆಳಕಿನ ಛತ್ರದ ಮೂಲೆಯಲ್ಲಿ ಹಿಡಿದು ನೋಡಿ. ಒಂದೇ ಸಮನೆ ಅರ್ಧ ಗಂಟೆ ವಿಡಿಯೋ ಓಡಿಸಿದ್ರೆ ಬಿಸಿಯಾಗಿ ಆಫ್ ಆಗುತ್ತಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಆ ಫೈಲ್ ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿ ಓಪನ್ ಆಗುತ್ತಾ ಅನ್ನೋದು ಗೊತ್ತಾಗುತ್ತೆ. ಓಪನ್ ಆಗದಿದ್ರೆ ಕ್ಯಾಮೆರಾದ 3 ಲಕ್ಷದ ಜೊತೆ ಕಂಪ್ಯೂಟರಿನ ಇನ್ನೊಂದು ಲಕ್ಷ ಸೇರಿಸಿ ಮೇಲಿನ 30 ದಿನದ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತೆ.